ಕಡಿಮೆ ಖರ್ಚಿನ ಉಪ್ಪುನೀರಿನ ಅಕ್ವೇರಿಯಂ: ಮರಳು ಆರಿಸುವುದು, ಸ್ಕಿಮ್ಮರ್ ಕೊಳ್ಳುವುದು

ನನ್ನ ಮೊದಲ ಉಪ್ಪುನೀರಿನ ತೊಟ್ಟಿ 2 ಅಡಿಯದು. ಅದಕ್ಕೆ ಕಡಲೆಕಾಳು ಗಾತ್ರದ ಹವಳದ ಚೂರನ್ನು 3 ಇಂಚು ದಪ್ಪ ಸುರಿದೆ. ಹಿಂಬದಿಗೆ, '400 ಲೀಟರಿನವರೆಗೆ' ಎಂದು ಡಬ್ಬದ ಮೇಲೆ ಅಚ್ಚಾಗಿದ್ದ ಪ್ರೋಟೀನ್ ಸ್ಕಿಮ್ಮರ್, ಅಂದರೆ ನೀರಿನ ಕೊಳೆಯನ್ನು ನೊರೆ ಮಾಡಿ ಒಂದು ಕಪ್ಪಿಗೆ ಉಕ್ಕಿಸುವ ಯಂತ್ರ, ನೇತುಹಾಕಿದೆ. ಇದ್ದದ್ದು 50 ಲೀಟರ್ ನೀರು, ಎರಡು ಮೀನು. ಸ್ಕಿಮ್ಮರಿನ ಕಪ್ ಎರಡು ತಿಂಗಳು ಒಣಗಿಕೊಂಡೇ ಇತ್ತು. ಇತ್ತ ಹವಳದ ಚೂರುಗಳ ಸಂದಿಯಲ್ಲಿ ಮೀನು ಬಿಟ್ಟ ಆಹಾರವೆಲ್ಲ ಇಳಿದು ಕೊಳೆಯುತ್ತ, ನೈಟ್ರೇಟ್ ಪರೀಕ್ಷೆಯ ಬಣ್ಣ ವಾರ ವಾರಕ್ಕೂ ಕೆಂಪೇರುತ್ತಿತ್ತು.

ಸ್ಕಿಮ್ಮರ್ ಬಿಚ್ಚಿ ಬೇರೆಯವರಿಗೆ ಮಾರಿದ್ದು ಅರ್ಧ ಗಂಟೆಯ ಕೆಲಸ. ಮರಳು ಬದಲಿಸಲು ಒಂದು ಭಾನುವಾರ ಪೂರ್ತಿ ಹೋಯಿತು. ಮೀನು ಬಕೆಟ್ಟಿನಲ್ಲಿ, ಕಲ್ಲು ಟಬ್ಬಿನಲ್ಲಿ, ಮನೆ ತುಂಬ ಕೊಳೆತ ಮೊಟ್ಟೆಯ ವಾಸನೆ. ಆಮೇಲೆ ಯಾರು ಕೇಳಿದರೂ ನಾನು ಹೇಳುವುದು ಒಂದೇ: ಮರಳಿಗೆ ತಲೆ ಖರ್ಚು ಮಾಡಿ, ದುಡ್ಡು ಬೇಡ. ಸ್ಕಿಮ್ಮರಿಗೆ ದುಡ್ಡು ಖರ್ಚು ಮಾಡಿ, ಅದೂ ತೊಟ್ಟಿ ಕೇಳಿದರೆ ಮಾತ್ರ.

1. ಅಂಗಡಿಗೆ ಹೋಗುವ ಮುಂಚೆ ಟೇಪು ಹಿಡಿಯಿರಿ

ತೊಟ್ಟಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, 1000ದಿಂದ ಭಾಗಿಸಿ. ಬಂದದ್ದು ಲೀಟರು. 60×30×36ರ ತೊಟ್ಟಿ ಸುಮಾರು 65 ಲೀಟರಿನದು. ಮರಳು, ಕಲ್ಲು, ಮೇಲೆ ಬಿಡುವ ಖಾಲಿ ಜಾಗ ಕಳೆದರೆ ನಿಜವಾದ ನೀರು 50 ಲೀಟರಿನ ಆಸುಪಾಸು. 90×45×45ರದು ಲೆಕ್ಕಕ್ಕೆ 182 ಲೀಟರ್, ನಿಜಕ್ಕೆ 140-150. ಈ ಬರಹದ ಉದ್ದಕ್ಕೂ ಇವೆರಡನ್ನೇ ಇಟ್ಟುಕೊಂಡು ಮಾತಾಡುತ್ತೇನೆ. ಮೊದಲನೆಯದು 'ಸಣ್ಣದು', ಎರಡನೆಯದು 'ದೊಡ್ಡದು'.

ಇನ್ನೊಂದು ಪ್ರಶ್ನೆಗೂ ಈಗಲೇ ಉತ್ತರ ಬೇಕು: ಒಳಗೆ ಯಾರು ಇರುತ್ತಾರೆ? ಬರೀ ಮೀನೋ, ಮುಂದೆ ಮೃದು ಹವಳವೂ ಬರುತ್ತದೋ, ಮರಳಿನಲ್ಲಿ ಹೂತು ಮಲಗುವ ರ‍್ಯಾಸ್ ಜಾತಿಯ ಮೀನಿನ ಮೇಲೆ ಕಣ್ಣಿದೆಯೋ? ಒಂದು ಜೊತೆ ಕ್ಲೌನ್ ಮೀನಿಗೆ ಮರಳು ಇದ್ದರೂ ಸೈ, ಇಲ್ಲದಿದ್ದರೂ ಸೈ. ರ‍್ಯಾಸ್ ಹಾಗಲ್ಲ, ರಾತ್ರಿ ಮೈ ಮುಚ್ಚಿಕೊಳ್ಳಲು ಅದಕ್ಕೆ 5 ಸೆಂ.ಮೀ. ಆದರೂ ನುಣ್ಣನೆಯ ಹಾಸು ಬೇಕು. ಅಂದಹಾಗೆ ಕ್ಲೌನ್ ಕೊಳ್ಳುವಾಗ ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದನ್ನು ಕೇಳಿ. ಇವುಗಳ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರೇ ರೂಪಿಸಿದ್ದಾರೆ, ಸಿಗುತ್ತವೆ. ಕಡಲಿನಿಂದ ಹಿಡಿದು ತಂದದ್ದಕ್ಕಿಂತ ಗಟ್ಟಿಯಾಗಿ ಬಾಳುತ್ತವೆ.

2. ಯಾವ ಮರಳು ಬೇಡ

ಊರಿಗೆ ಹೋದಾಗ ಬೀಚಿನಿಂದ ಎರಡು ಚೀಲ ಹೊಯ್ಗೆ ತುಂಬಿಕೊಂಡು ಬಂದರೆ ಆಯಿತಲ್ಲ ಎಂದು ಎಲ್ಲರಿಗೂ ಅನಿಸುತ್ತದೆ. ಕರಾವಳಿ ಮೂಲದವರಿಗಂತೂ ಇನ್ನೂ ಬೇಗ ಅನಿಸುತ್ತದೆ. ಬೇಡ. ನಮ್ಮ ದಡದ ಮರಳು ಹವಳದಿಂದ ಆದದ್ದಲ್ಲ. ಘಟ್ಟದಿಂದ ಇಳಿಯುವ ನದಿಗಳು ಹೊತ್ತು ತಂದ ಬೆಣಚುಕಲ್ಲಿನ ಪುಡಿಯೇ ಅದರಲ್ಲಿ ಹೆಚ್ಚು. ನಡುನಡುವೆ ಕಾಣುವ ಕಪ್ಪು ಗೆರೆಗಳು ಮ್ಯಾಗ್ನೆಟೈಟ್, ಇಲ್ಮನೈಟಿನಂಥ ಭಾರದ ಖನಿಜಗಳು. ಮ್ಯಾಗ್ನೆಟ್ ಆಡಿಸಿದರೆ ಒಂದಿಷ್ಟು ಅಂಟಿಕೊಂಡು ಬರುವುದನ್ನು ಮಕ್ಕಳೂ ನೋಡಿರುತ್ತಾರೆ. ಅದರ ಜೊತೆ ದೋಣಿಯ ಎಣ್ಣೆ, ಊರ ಚರಂಡಿ, ಸತ್ತ ಚಿಪ್ಪುಹುಳ. ಇಷ್ಟೆಲ್ಲ ಸಾಲದು ಎಂಬಂತೆ ಕರಾವಳಿ ನಿಯಂತ್ರಣ ವಲಯದ ನಿಯಮವೂ ಅಡ್ಡ ಬರುತ್ತದೆ.

ಹವಳದ ಚೂರಿನ ಮಾತು ಇದಕ್ಕಿಂತ ಗಂಭೀರ. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಮುಳುಗಿ ನೋಡಿ ಬರಬಹುದು, ಒಂದು ತುಂಡೂ ಕಿಸೆಗೆ ಹಾಕಿಕೊಳ್ಳುವಂತಿಲ್ಲ. ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನಿನದೂ ಅಷ್ಟೇ. ಹೀಗಿರುವಾಗ ಅಂಗಡಿಯ ಮೂಲೆಯ ಗೋಣಿಯಿಂದ ತೂಗಿ ಕೊಡುವ, ಹೆಸರು-ವಿಳಾಸವಿಲ್ಲದ 'ಕೋರಲ್ ಸ್ಯಾಂಡ್' ಎಲ್ಲಿಂದ ಬಂತು ಎಂದು ಕೇಳಿ. ಉತ್ತರ ತೊದಲಿದರೆ ಗೋಣಿ ಅಲ್ಲೇ ಇರಲಿ. ಕಲ್ಲಿನ ವಿಷಯಕ್ಕೂ ಇದೇ ಮಾತು: ಕಡಲಿನಿಂದ ಕಿತ್ತು ತಂದ 'ಲೈವ್ ರಾಕ್' ಬದಲು ಕಾರ್ಖಾನೆಯಲ್ಲಿ ಮಾಡಿದ ಒಣ ಕಲ್ಲು ಸಾಕು. ಸೂಕ್ಷ್ಮಜೀವಿಗಳು ತಾವಾಗಿಯೇ ಬಂದು ಕೂರುತ್ತವೆ.

ಕಟ್ಟಡದ ಎಂ-ಸ್ಯಾಂಡ್ ಬೇಡ. ಅದು ಜಲ್ಲಿಕಲ್ಲು ಅರೆದ ಪುಡಿ, ಮೂಲೆಗಳೆಲ್ಲ ಚೂಪು, ಎಷ್ಟು ತೊಳೆದರೂ ಧೂಳು ಮುಗಿಯುವುದಿಲ್ಲ. ಹೊಳೆಮರಳಿನಲ್ಲಿ ಮಣ್ಣು. ಬಣ್ಣ ಹಚ್ಚಿದ ಅಲಂಕಾರದ ಹರಳುಗಳಿಗೆ ಮಕ್ಕಳು ಎಷ್ಟೇ ಹಟ ಹಿಡಿದರೂ ಒಪ್ಪಬೇಡಿ.

3. ಹಾಗಾದರೆ ಯಾವುದು

ಉಳಿಯುವುದು ಎರಡು ದಾರಿ.

ಮೊದಲನೆಯದು ಅರಗೊನೈಟ್. ಇದು ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ಹರಳು ರೂಪ. ಚೀಲದಲ್ಲಿ ಬರುವ ಒಳ್ಳೆಯ ಅರಗೊನೈಟಿನಲ್ಲಿ ಒಂದು ಬಗೆ ಬಹಾಮಾಸ್ ದ್ವೀಪಗಳ ಕಡೆಯದು. ಅಲ್ಲಿನ ಆಳವಿಲ್ಲದ ಬೆಚ್ಚನೆಯ ನೀರಿನಲ್ಲಿ ಒಂದು ಸಣ್ಣ ಕಣ ಅಲೆಯೊಂದಿಗೆ ಹೊರಳಾಡುತ್ತ, ಸುತ್ತ ಪದರ ಪದರವಾಗಿ ಸುಣ್ಣ ಕಟ್ಟಿಕೊಳ್ಳುತ್ತದೆ, ಜೀರಿಗೆಗೆ ಸಕ್ಕರೆ ಪಾಕ ಹತ್ತಿಸಿದ ಹಾಗೆ. ಅದಕ್ಕೇ ಕಾಳು ದುಂಡಗೆ, ನುಣುಪಾಗಿ ಇರುತ್ತದೆ. ಮರಳು ಕೆದಕುವ ಮೀನಿನ ಬಾಯಿ, ಕಿವಿರಿಗೆ ಗಾಯವಾಗುವುದಿಲ್ಲ.

ಇದನ್ನು ಮಾರುವವರು 'ಪಿಎಚ್ ತಾನಾಗಿಯೇ 8.2ರಲ್ಲಿ ನಿಲ್ಲುತ್ತದೆ' ಎನ್ನುತ್ತಾರೆ. ಅರ್ಧ ಸತ್ಯ. ಸುತ್ತಲಿನ ನೀರಿನ ಪಿಎಚ್ 7.7ರ ಹತ್ತಿರಕ್ಕೆ ಇಳಿದ ಮೇಲಷ್ಟೇ ಅರಗೊನೈಟ್ ಲೆಕ್ಕಕ್ಕೆ ಸಿಗುವಷ್ಟು ಕರಗುತ್ತದೆ. ತೊಟ್ಟಿಯ ನೀರು ಅಲ್ಲಿಯವರೆಗೆ ಇಳಿಯಿತೆಂದರೆ ಬೇರೆಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ. ಪಿಎಚ್ ಕಾಯುವ ಕೆಲಸ ಕಡಲನೀರು ಮಾಡಲೆಂದೇ ಮಾರುವ ಉಪ್ಪಿನ ಮಿಶ್ರಣದ್ದು, ನೀರು ಬದಲಿಸುವ ನಿಮ್ಮ ಕೈಯದ್ದು. ಆದ್ದರಿಂದ ಅರಗೊನೈಟಿಗೆ ಹೆಚ್ಚು ದುಡ್ಡು ಕೊಡುವುದಾದರೆ ಅದರ ಕಾಳು, ಬಣ್ಣ ಇಷ್ಟವಾಯಿತೆಂದು ಕೊಡಿ. ಔಷಧ ಎಂದುಕೊಂಡು ಬೇಡ.

ಎರಡನೆಯದು ಸಿಲಿಕಾ ಮರಳು. ಇದು ಅಕ್ವೇರಿಯಂ ಅಂಗಡಿಯಲ್ಲಿ ಸಿಗುವುದಕ್ಕಿಂತ ಅಗ್ಗವಾಗಿ ನೀರು ಶುದ್ಧೀಕರಣದ ಸಾಮಾನು ಮಾರುವಲ್ಲಿ, ಬೋರ್‌ವೆಲ್ ನೀರಿನ ಫಿಲ್ಟರಿಗೂ ಈಜುಕೊಳಕ್ಕೂ ತುಂಬುವ ಫಿಲ್ಟರ್ ಸ್ಯಾಂಡ್ ಎಂದು ಸಿಗುತ್ತದೆ. ಜರಡಿ ಹಿಡಿದು ವಿಂಗಡಿಸಿದ್ದರಿಂದ ಧೂಳೂ ಕಡಿಮೆ. ಚೀಲದ ಮೇಲೆ 16-32 ಮೆಶ್ ಎಂದಿದ್ದರೆ ಕಾಳು ಸುಮಾರು ಅರ್ಧದಿಂದ 1.2 ಮಿ.ಮೀ. ಎಂದರ್ಥ, ನಮಗೆ ಬೇಕಾದದ್ದು ಅದೇ. ಸಿಲಿಕಾ ಹಾಕಿದರೆ ಕಂದು ಪಾಚಿ ಮುಗಿಯುವುದೇ ಇಲ್ಲ ಎಂಬ ಹೆದರಿಕೆ ಹಳೆಯದು. ಬೆಣಚುಕಲ್ಲು ನೀರಿನಲ್ಲಿ ಅಷ್ಟು ಸುಲಭವಾಗಿ ಕರಗುವ ವಸ್ತುವಲ್ಲ. ಹೊಸ ತೊಟ್ಟಿಯಲ್ಲಿ ಎರಡನೇ ವಾರದಿಂದ ಕಂದು ಧೂಳಿನಂಥ ಪಾಚಿ ಅರಗೊನೈಟಿನ ಮೇಲೂ ಕೂರುತ್ತದೆ, ಕೆಲವು ವಾರ ಕಾಡಿ ಹೋಗುತ್ತದೆ.

ಬಣ್ಣ ಸ್ವಲ್ಪ ಮಾಸಲು. ಬರೀ ಮೀನಿನ ತೊಟ್ಟಿಗೆ, ಜೇಬು ನೋಡಿಕೊಂಡು ಶುರು ಮಾಡುವವರಿಗೆ ನಾನು ಸಿಲಿಕಾವನ್ನೇ ಹೇಳುತ್ತೇನೆ. ಮುಂದೆ ಹವಳ ಇಡುವ ಆಸೆ ಇದ್ದು, ಬೆಳ್ಳನೆಯ ತಳ ಕಣ್ಣಿಗೆ ಬೇಕೇ ಬೇಕು ಎನ್ನುವವರು ಒಣ ಅರಗೊನೈಟ್ ಕೊಳ್ಳಲಿ.

ಕೈಗೆ ಬಂದ ಮರಳು ಯಾವುದೆಂದು ಅನುಮಾನವಿದ್ದರೆ ಒಂದು ಚಮಚಕ್ಕೆ ವಿನೆಗರ್ ಹಾಕಿ, ನಿಂಬೆರಸವಾದರೂ ಆದೀತು. ಗುಳ್ಳೆ ಎದ್ದರೆ ಅದು ಸುಣ್ಣದ ಜಾತಿ. ಸುಮ್ಮನೆ ಕೂತರೆ ಸಿಲಿಕಾ. ಅಮೃತಶಿಲೆಯ ಪುಡಿಯೂ ಗುಳ್ಳೆ ಎಬ್ಬಿಸುತ್ತದೆ ಎಂಬುದು ನೆನಪಿರಲಿ. ಇದು ಸುಣ್ಣದ ಪರೀಕ್ಷೆ ಅಷ್ಟೇ, ಅರಗೊನೈಟಿನ ಸರ್ಟಿಫಿಕೇಟ್ ಅಲ್ಲ. ಆಮೇಲೆ ಮ್ಯಾಗ್ನೆಟ್ ಆಡಿಸಿ. ಏನಾದರೂ ಅಂಟಿದರೆ ಆ ಚೀಲ ಬೇಡ.

ಒದ್ದೆಯಾಗಿ, ಬ್ಯಾಕ್ಟೀರಿಯಾ ಸಮೇತ ಬರುವ 'ಲೈವ್ ಸ್ಯಾಂಡ್'ಗೆ ದುಪ್ಪಟ್ಟು ಕೊಡಬೇಕೇ? ನನ್ನ ಪ್ರಕಾರ ಬೇಡ. ಒಣ ಮರಳೂ ಒಂದೆರಡು ತಿಂಗಳಲ್ಲಿ ಜೀವ ತುಂಬಿಕೊಳ್ಳುತ್ತದೆ. ಹೇಗೂ ಕೊಳೆತದ್ದರಿಂದ ಹುಟ್ಟುವ ಅಮೋನಿಯಾ ಬ್ಯಾಕ್ಟೀರಿಯಾಗಳಿಂದ ನೈಟ್ರೈಟಾಗಿ, ನೈಟ್ರೈಟ್ ನೈಟ್ರೇಟಾಗುವ ಚಕ್ರ ಮುಗಿಯುವವರೆಗೆ ಮೀನು ಬಿಡುವಂತಿಲ್ಲ. ಪರಿಚಯದವರ ಆರೋಗ್ಯವಂತ ತೊಟ್ಟಿಯಿಂದ ಒಂದು ಲೋಟ ಮರಳು ಕೇಳಿ ತಂದು ಮೇಲೆ ಉದುರಿಸಿ, ಹೆಪ್ಪು ಹಾಕಿದ ಹಾಗೆ.

4. ಕಾಳು ಎಷ್ಟು ಸಣ್ಣ, ಹಾಸು ಎಷ್ಟು ದಪ್ಪ

ಮಿಲಿಮೀಟರ್ ಲೆಕ್ಕ ಅಂಗಡಿಯಲ್ಲಿ ಕೈಗೆ ಸಿಗುವುದಿಲ್ಲ. ಅಡುಗೆಮನೆಯ ಲೆಕ್ಕ ಹೇಳುತ್ತೇನೆ. ಚಿರೋಟಿ ರವೆಯಷ್ಟು ನುಣ್ಣಗಿದ್ದರೆ ನೋಡಲು ಚಂದ, ಆದರೆ ಪಂಪ್ ಚಿಮ್ಮುವ ನೀರಿನ ಹೊಡೆತಕ್ಕೆ ಒಂದು ಮೂಲೆಯಿಂದ ಎದ್ದು ಇನ್ನೊಂದು ಮೂಲೆಯಲ್ಲಿ ಗುಡ್ಡೆಯಾಗುತ್ತದೆ. ಹಾರಿದ ಮರಳು ಪಂಪಿನೊಳಗೆ ತಿರುಗುವ ರೆಕ್ಕೆಚಕ್ರಕ್ಕೆ, ಅಂದರೆ ಇಂಪೆಲ್ಲರಿಗೆ, ಹೊಕ್ಕರೆ ಅದನ್ನೂ ತಿನ್ನುತ್ತದೆ. ಕಡಲೆಕಾಳಿನಷ್ಟು ದಪ್ಪವಾದರೆ ನನ್ನ ಹಳೆಯ ಕಥೆ: ಕಸ ಸಂದಿಗಿಳಿಯುತ್ತದೆ. ಉಪ್ಪಿಟ್ಟಿನ ರವೆಯಿಂದ ಸಾಸಿವೆಯವರೆಗಿನ ಗಾತ್ರ, ಅಂದರೆ ಅರ್ಧದಿಂದ ಒಂದೂವರೆ ಮಿ.ಮೀ., ಹೆಚ್ಚಿನ ತೊಟ್ಟಿಗಳಿಗೆ ಸರಿ. ಕಸ ಮೇಲೆಯೇ ನಿಲ್ಲುತ್ತದೆ. ನೀರು ಬದಲಿಸುವಾಗ ಪೈಪಿನಿಂದ ಎಳೆದುಕೊಳ್ಳಬಹುದು.

ರ‍್ಯಾಸ್ ಇಲ್ಲದಿದ್ದರೆ ದಪ್ಪ 2ರಿಂದ 4 ಸೆಂ.ಮೀ. ಸಾಕು. 10 ಸೆಂ.ಮೀ.ಗೂ ಮೀರಿದ ಆಳದ ಹಾಸಿನಲ್ಲಿ, ಆಮ್ಲಜನಕವಿಲ್ಲದ ತಳದ ಪದರದ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕದ ಅನಿಲವಾಗಿ ಬಿಡುಗಡೆ ಮಾಡುತ್ತವೆ ಎಂಬ ಪದ್ಧತಿಯೊಂದಿದೆ, ಕೆಲಸವೂ ಮಾಡುತ್ತದೆ. ಆದರೆ 2 ಅಡಿಯ ತೊಟ್ಟಿಯಲ್ಲಿ ನಾಲ್ಕು ಇಂಚು ಮರಳು ತುಂಬಿದರೆ ಮೀನಿಗೆ ಉಳಿಯುವುದೇನು? ಅತ್ತ ಆಳವೂ ಅಲ್ಲದ, ಇತ್ತ ತೆಳುವೂ ಅಲ್ಲದ 6-8 ಸೆಂ.ಮೀ. ಹಾಸು ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುತ್ತದೆ. ಕಸ ಕೆಳಗೆ ಹೂತುಕೊಳ್ಳುತ್ತದೆ, ಪೈಪಿನಿಂದ ಎಳೆಯಲು ಆಗುವುದಿಲ್ಲ, ಕೈ ಹಾಕಿದ ದಿನ ಕೊಳೆತ ಮೊಟ್ಟೆ ನಾತದ ವಿಷಗಾಳಿ, ಹೈಡ್ರೋಜನ್ ಸಲ್ಫೈಡ್, ಏಳುತ್ತದೆ.

ತೂಕದ ಲೆಕ್ಕ ಸುಲಭ. ಉದ್ದ×ಅಗಲ×ದಪ್ಪ, ಅದನ್ನು 1000ದಿಂದ ಭಾಗಿಸಿದರೆ ಲೀಟರು. ಒಂದು ಲೀಟರ್ ಒಣ ಮರಳು ಸುಮಾರು ಒಂದೂವರೆ ಕಿಲೋ. ಸಣ್ಣ ತೊಟ್ಟಿಗೆ 3 ಸೆಂ.ಮೀ. ದಪ್ಪಕ್ಕೆ 8 ಕಿಲೋ, ದೊಡ್ಡದಕ್ಕೆ 18 ಕಿಲೋ. ಅಂಗಡಿಯವರು 'ಎರಡು ಚೀಲ ತಗೊಂಡುಬಿಡಿ ಸಾರ್' ಎಂದಾಗ ಈ ಚೀಟಿ ಜೇಬಿನಲ್ಲಿರಲಿ.

5. ತೊಳೆದು ಹಾಸುವುದು

ಬಕೆಟ್ಟಿಗೆ ಮೂರು-ನಾಲ್ಕು ಕಿಲೋ ಹಾಕಿ, ನೀರು ಬಿಟ್ಟು, ಕೈಯಿಂದ ಕದಡಿ, ಬಗ್ಗಿಸಿ. ಅಕ್ಕಿ ತೊಳೆದ ಹಾಗೆಯೇ. ಮೊದಲು ಅಕ್ಕಚ್ಚಿನಂಥ ನೀರು ಬರುತ್ತದೆ. ಹದಿನೈದು ಸಲವಾದರೂ ಬೇಸರಪಡಬೇಡಿ, ತಳದ ಮರಳು ಕಾಣುವವರೆಗೆ ತೊಳೆಯಿರಿ. ಸೋಪು, ಡಿಟರ್ಜೆಂಟ್ ತಗುಲಿದ ಬಕೆಟ್ ಬೇಡ, ಹೊಸದೊಂದು ಮೀಸಲಿಡಿ. ಕೊನೆಯ ಒಂದು ತೊಳೆತ ಆರ್‌ಒ ನೀರಿನಲ್ಲಿ. ಮನೆಯ ಕುಡಿಯುವ ನೀರಿನ ಆರ್‌ಒ ಯಂತ್ರ ಬಳಸುವವರು ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ. ರುಚಿಗೆಂದು ಒಂದಿಷ್ಟು ಹಸಿ ನೀರನ್ನೋ ಖನಿಜವನ್ನೋ ಮತ್ತೆ ಬೆರೆಸುವ ಯಂತ್ರಗಳೇ ಹೆಚ್ಚು. ಆ ತಿರುಪನ್ನು ಮುಚ್ಚಿಸದಿದ್ದರೆ ಬೋರ್‌ವೆಲ್ಲಿನ ಗಡಸು ನೇರ ತೊಟ್ಟಿಗೆ ಬರುತ್ತದೆ.

ಕಲ್ಲು ಮೊದಲು, ಮರಳು ಆಮೇಲೆ. ಈ ಕ್ರಮ ತಪ್ಪಬೇಡಿ. ಕಲ್ಲನ್ನು ಮರಳಿನ ಮೇಲೆ ಕೂರಿಸಿದರೆ, ಗೋಬಿ ಮೀನೋ ಸಿಗಡಿಯೋ ಅದರ ಬುಡ ತೋಡಿ, ಒಂದು ರಾತ್ರಿ ಕಲ್ಲು ಉರುಳಿ ಗಾಜಿಗೆ ಬಡಿಯುತ್ತದೆ. ತಳದ ಗಾಜಿನ ಮೇಲೆಯೇ ಕಲ್ಲನ್ನು ಅಲುಗಾಡದಂತೆ ನಿಲ್ಲಿಸಿ, ಸುತ್ತ ಮರಳು ಹರಡಿ. ಮೇಲೆ ಒಂದು ತಟ್ಟೆ ಇಟ್ಟು, ಉಪ್ಪು ಬೆರೆಸಿದ ನೀರನ್ನು ತಟ್ಟೆಯ ಮೇಲೆ ಮೆಲ್ಲಗೆ ಸುರಿಯಿರಿ. ಎಷ್ಟೇ ಜೋಪಾನ ಮಾಡಿದರೂ ಒಂದೆರಡು ದಿನ ನೀರು ಮಂಜಾಗಿರುತ್ತದೆ. ಸ್ಕಿಮ್ಮರ್ ಇದ್ದರೂ ಆ ದಿನಗಳಲ್ಲಿ ಚಾಲೂ ಮಾಡಬೇಡಿ.

6. ಸ್ಕಿಮ್ಮರ್ ನಿಮಗೆ ಬೇಕೇ?

ತೊಗರಿಬೇಳೆ ಕುದಿಯುವಾಗ ಮೇಲೆ ನೊರೆ ಕಟ್ಟುತ್ತದೆ, ಅಮ್ಮ ಸೌಟಿನಲ್ಲಿ ತೆಗೆದು ಚೆಲ್ಲುತ್ತಾರೆ. ಸ್ಕಿಮ್ಮರ್ ಮಾಡುವುದು ಅದನ್ನೇ, ಬಿಸಿ ಇಲ್ಲದೆ. ಮೀನಿನ ಹೇಲು, ಲೋಳೆ, ಉಳಿದ ಆಹಾರದಿಂದ ನೀರಿಗೆ ಸೇರುವ ಅನೇಕ ಸಾವಯವ ಅಣುಗಳಿಗೆ ಒಂದು ತುದಿ ನೀರಿಗೆ ಒಗ್ಗುತ್ತದೆ, ಇನ್ನೊಂದು ತುದಿ ನೀರಿನಿಂದ ದೂರ ಓಡುತ್ತದೆ. ಗಾಳಿಗುಳ್ಳೆ ಸಿಕ್ಕಿದ ಕೂಡಲೇ ಅವು ಅದರ ಮೈಗೆ ಅಂಟಿಕೊಳ್ಳುತ್ತವೆ. ಸಾವಿರಾರು ಸಣ್ಣ ಗುಳ್ಳೆಗಳು ಕೊಳವೆಯಲ್ಲಿ ಮೇಲೇರಿ, ಕತ್ತಿನಲ್ಲಿ ನೊರೆಯಾಗಿ, ಕಪ್ಪಿಗೆ ಉಕ್ಕುತ್ತವೆ. ಸಿಹಿನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಕೂಡಿ ದೊಡ್ಡದಾಗಿಬಿಡುವುದರಿಂದ ಈ ಆಟ ನಡೆಯುವುದಿಲ್ಲ. ಮಳೆಗಾಲದಲ್ಲಿ ಮಲ್ಪೆಯ ದಡಕ್ಕೆ ರಾಶಿ ನೊರೆ ಬಂದು ಬೀಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾಡದೇ ಇರುವುದನ್ನೂ ಹೇಳಬೇಕು. ಆಗಲೇ ಹುಟ್ಟಿಬಿಟ್ಟ ನೈಟ್ರೇಟನ್ನು ಸ್ಕಿಮ್ಮರ್ ತೆಗೆಯುವುದಿಲ್ಲ; ನೈಟ್ರೇಟ್ ಆಗಲಿರುವ ಕಸದ ಒಂದು ಭಾಗವನ್ನು ಮುಂಚೆಯೇ ಹೊರಹಾಕುತ್ತದೆ, ಅಷ್ಟೇ. ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್ 2009ರಲ್ಲಿ ಹಲವು ಸ್ಕಿಮ್ಮರ್‌ಗಳನ್ನು ಅಳೆದು ನೋಡಿದರು. ನೀರಿನಲ್ಲಿದ್ದ ಸಾವಯವ ಇಂಗಾಲದಲ್ಲಿ ಅವು ತೆಗೆದದ್ದು ಶೇ. 20-30ರಷ್ಟು. ಪರೀಕ್ಷೆಗೊಳಗಾದ ಯಂತ್ರಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೂ ಕಾಣಲಿಲ್ಲ. ಅದನ್ನು ಓದಿದ ಮೇಲೆ ಬಿಲ್ಲಿನಲ್ಲಿ ಸೊನ್ನೆ ಜಾಸ್ತಿ ಇರುವ ಮಾದರಿಗಳ ಮೇಲಿನ ನನ್ನ ಮೋಹ ಇಳಿಯಿತು.

ಸಣ್ಣ ತೊಟ್ಟಿಯ ಲೆಕ್ಕ ಹಾಕೋಣ. ವಾರಕ್ಕೆ ಶೇ. 10, ಅಂದರೆ 5 ಲೀಟರ್ ನೀರು ಬದಲಿಸಬೇಕು. ಲೀಟರಿಗೆ 35-40 ಗ್ರಾಂ ಉಪ್ಪಿನ ಮಿಶ್ರಣ. ವಾರಕ್ಕೆ 200 ಗ್ರಾಂ, ತಿಂಗಳಿಗೆ ಕಿಲೋಗೂ ಕಡಿಮೆ. ಸಾಧಾರಣ ಸ್ಕಿಮ್ಮರಿಗೆ ಕೊಡುವ ದುಡ್ಡಿನಲ್ಲಿ ತಿಂಗಳುಗಟ್ಟಲೆಯ ಉಪ್ಪು ಬರುತ್ತದೆ. ನೀರು ಬದಲಿಸಿದರೆ ನೈಟ್ರೇಟೂ ಹೋಗುತ್ತದೆ, ಹೋದ ಖನಿಜಗಳೂ ವಾಪಸ್ ಬರುತ್ತವೆ. ಹಾಗಾಗಿ 80-100 ಲೀಟರಿಗಿಂತ ಸಣ್ಣ ತೊಟ್ಟಿಯವರು, ಮೀನು ಎರಡು-ಮೂರೇ ಇರುವವರು, ಸ್ಕಿಮ್ಮರ್ ಕೊಳ್ಳಬೇಡಿ. ಇಲ್ಲಿಗೆ ಓದುವುದನ್ನು ನಿಲ್ಲಿಸಿದರೂ ನಷ್ಟವಿಲ್ಲ.

ದೊಡ್ಡದಕ್ಕೆ ಮಾತು ಬೇರೆ. ವಾರಕ್ಕೆ 15 ಲೀಟರ್ ಹೊರುವುದು ಬೆನ್ನಿಗೂ ಜೇಬಿಗೂ ತಟ್ಟುತ್ತದೆ, ಮೀನಿನ ಸಂಖ್ಯೆಯೂ ಹೆಚ್ಚು. ಜೊತೆಗೆ ಸ್ಕಿಮ್ಮರ್ ಎಡೆಬಿಡದೆ ಗಾಳಿಯನ್ನು ನೀರಿಗೆ ಬೆರೆಸುತ್ತಿರುತ್ತದೆ. ಬೇಸಿಗೆಯ ಸೆಕೆಯಲ್ಲಿ ನೀರು ಬಿಸಿಯಾಗಿ ಆಮ್ಲಜನಕ ಕಡಿಮೆಯಾಗುವ ಹೊತ್ತಿಗೆ ಅದೇ ಒಂದು ದೊಡ್ಡ ಲಾಭ.

7. ಡಬ್ಬದ ಮೇಲಿನ ಲೀಟರ್ ನಂಬಬೇಡಿ

ಮೂರು ಬಗೆ ಸಿಗುತ್ತವೆ. ಏರ್‌ಪಂಪಿಗೆ ಸಣ್ಣ ಗುಳ್ಳೆ ಬಿಡುವ ಮರದ ತುಂಡು (ಏರ್‌ಸ್ಟೋನ್) ಜೋಡಿಸಿದ್ದು ಅತಿ ಅಗ್ಗ. ಮರದ ತುಂಡನ್ನು ಕೆಲವು ವಾರಕ್ಕೊಮ್ಮೆ ಬದಲಿಸುತ್ತಲೇ ಇರಬೇಕು, ಮರೆತ ದಿನದಿಂದ ಗುಳ್ಳೆ ದಪ್ಪವಾಗಿ ಕೆಲಸ ನಿಲ್ಲುತ್ತದೆ. ಗಾಜಿನ ಅಂಚಿಗೆ ನೇತುಹಾಕುವ ಬಗೆ ಎರಡನೆಯದು. ನಮ್ಮಲ್ಲಿ ಕಟ್ಟಿಸಿದ ತೊಟ್ಟಿಗಳ ಮೇಲಂಚಿಗೆ ಬಲಕ್ಕೆಂದು ಗಾಜಿನ ಪಟ್ಟಿ ಅಂಟಿಸಿರುತ್ತಾರೆ. ನೇತುಹಾಕುವ ಯಂತ್ರ ಅದಕ್ಕೆ ತಾಗಿ ಕೂರುವುದೇ ಇಲ್ಲ, ಅಳೆದು ನೋಡಿ. ಮೂರನೆಯದು ಸಂಪಿನೊಳಗೆ ಇಡುವಂಥದ್ದು. (ಸಂಪ್ ಎಂದರೆ ಕಾವೇರಿ ನೀರು ತುಂಬಿಸುವ ಮನೆಯ ಸಂಪ್ ಅಲ್ಲ, ತೊಟ್ಟಿಯ ಕೆಳಗಿನ ಕಪಾಟಿನಲ್ಲಿಡುವ ಎರಡನೇ ಗಾಜಿನ ಡಬ್ಬ.) ಸಂಪ್ ಇದ್ದರೆ ಕಣ್ಣು ಮುಚ್ಚಿ ಇದನ್ನೇ ಕೊಳ್ಳಿ.

ಡಬ್ಬದ ಮೇಲಿನ ಸಂಖ್ಯೆಯನ್ನು ಅರ್ಧ ಮಾಡಿ ಓದಿ. 150 ಲೀಟರ್ ನಿಜ ನೀರಿಗೆ '300 ಲೀಟರ್' ಎಂದಿರುವುದು ಸರಿಹೊಂದುತ್ತದೆ. ಅದಕ್ಕೂ ದೊಡ್ಡದು ಬೇಡ. ಕಸ ಕಡಿಮೆ ಇದ್ದು ಕತ್ತು ಅಗಲವಾದರೆ ನೊರೆ ಮೇಲೇರುವ ಮುಂಚೆಯೇ ಒಡೆದು ಕೆಳಗೆ ಬೀಳುತ್ತದೆ. ನನ್ನ ಒಣ ಕಪ್ಪಿನ ಗುಟ್ಟು ಅದೇ.

ಗುಳ್ಳೆ ಮಾಡುವ ಪಂಪನ್ನು ಬಿಚ್ಚಿ ತೋರಿಸಲು ಕೇಳಿ. ಇಂಪೆಲ್ಲರಿನ ರೆಕ್ಕೆಗಳ ಜಾಗದಲ್ಲಿ ಬಾಚಣಿಗೆಯ ಹಲ್ಲಿನಂಥ ಸಣ್ಣ ಕಡ್ಡಿಗಳಿದ್ದರೆ ಅದು ನೀಡಲ್ ವ್ಹೀಲ್. ಗಾಳಿಯನ್ನು ಕತ್ತರಿಸಿ ಹಾಲಿನಂಥ ನೊರೆ ಮಾಡುತ್ತದೆ. ಬಿಡಿ ಇಂಪೆಲ್ಲರ್ ಸಿಗುತ್ತದೆಯೇ ಎಂದು ದುಡ್ಡು ಕೊಡುವ ಮುಂಚೆ ಕೇಳಬೇಕು. ಅದು ಸಿಗದಿದ್ದರೆ, ಒಂದು ಸಣ್ಣ ಕಡ್ಡಿ ಮುರಿದ ದಿನ ಇಡೀ ಯಂತ್ರ ಗುಜರಿಗೆ. ಸೆಕೆಂಡ್ ಹ್ಯಾಂಡ್ ಕೊಳ್ಳಲು ನಾಚಬೇಡಿ. ಅಕ್ರಿಲಿಕ್ ಮೈಯಲ್ಲಿ ಬಿರುಕಿಲ್ಲ, ಪಂಪ್ ಗಡಗಡ ಎನ್ನುವುದಿಲ್ಲ ಎಂದಾದರೆ ವಿನೆಗರ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ ಬಳಸಬಹುದು. ಬಜೆಟ್ ತೊಟ್ಟಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಇನ್ನೊಂದಿಲ್ಲ.

ಅಮೆರಿಕದಲ್ಲಿರುವ ನೆಂಟರಿಂದ ತರಿಸುವ ಯೋಚನೆ ಇದೆಯೇ? ನಮ್ಮ ಚಿಕ್ಕಪ್ಪನ ಮಗ ಸೂಟ್‌ಕೇಸಿನಲ್ಲಿ ಒಂದನ್ನು ಪ್ರೀತಿಯಿಂದ ಹೊತ್ತು ತಂದ. ಪಿನ್ ಕನ್ವರ್ಟರ್ ಸಿಕ್ಕಿಸಿ ಸ್ವಿಚ್ ಹಾಕಿದೆ. ಐದು ನಿಮಿಷಕ್ಕೆ ಸುಟ್ಟ ವಾಸನೆ. ಅಲ್ಲಿಯ ಎಸಿ ಪಂಪ್ 120 ವೋಲ್ಟ್, 60 ಹರ್ಟ್ಸ್‌ನದು. ಇಲ್ಲಿ 230 ವೋಲ್ಟ್, 50 ಹರ್ಟ್ಸ್. ಅಡಾಪ್ಟರ್ ಮೇಲೆ 100-240 ವೋಲ್ಟ್ ಎಂದು ಬರೆದಿರುವ ಡಿಸಿ ಪಂಪ್ ಆದರೆ ಮಾತ್ರ ತರಿಸಿ.

ಕರೆಂಟ್ ಬಿಲ್ಲಿನ ಚಿಂತೆ ಬೇಡ. 8 ವ್ಯಾಟಿನ ಪಂಪ್ ದಿನವಿಡೀ ಓಡಿದರೆ ತಿಂಗಳಿಗೆ 6 ಯೂನಿಟ್ಟಿಗೂ ಕಡಿಮೆ.

8. ಕೂರಿಸುವುದು, ಪಳಗಿಸುವುದು

ಸ್ಕಿಮ್ಮರ್ ನಿಂತ ನೀರಿನ ಮಟ್ಟ ಸ್ಥಿರವಾಗಿರಬೇಕು. ಅರ್ಧ ಇಂಚು ಹೆಚ್ಚು-ಕಡಿಮೆಯಾದರೂ ನೊರೆಯ ನಡತೆ ಬದಲಾಗುತ್ತದೆ. ಎಷ್ಟು ಆಳದ ನೀರು ಬೇಕೆಂದು ಯಂತ್ರದ ಜೊತೆಗಿನ ಚೀಟಿಯಲ್ಲಿರುತ್ತದೆ. ಸಂಪ್ ಅದಕ್ಕಿಂತ ಆಳವಾಗಿದ್ದರೆ ಅಕ್ರಿಲಿಕ್ ತುಂಡಿನ ಪೀಠ ಮಾಡಿ ಎತ್ತರಿಸಿ. ಆವಿಯಾದ ನೀರಿನ ಬದಲು ದಿನಾ ಸಿಹಿನೀರು, ಅಂದರೆ ಉಪ್ಪು ಬೆರೆಸದ ಆರ್‌ಒ ನೀರು, ತುಂಬಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ.

ಸಂಪರ್ಕದ ವೈರು ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಇಳಿದು ಮೇಲೆ ಹೋಗುವಂತೆ ಬಿಡಿ. ವೈರಿನ ಗುಂಟ ಜಾರುವ ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಆ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಉಪ್ಪುನೀರಿಗೂ ಕರೆಂಟಿಗೂ ಬಹಳ ಸಲುಗೆ. ಬಜೆಟ್ ಎಂದು ಇದನ್ನು ಮಾತ್ರ ಬಿಡಬೇಡಿ.

ಹೊಸ ಸ್ಕಿಮ್ಮರ್ ಮೊದಲ ಒಂದೆರಡು ವಾರ ಹುಚ್ಚುಹುಚ್ಚಾಗಿ ಆಡುತ್ತದೆ. ಒಂದು ದಿನ ಉಕ್ಕಿ ಹರಿಯುತ್ತದೆ, ಮರುದಿನ ಸತ್ತಂತಿರುತ್ತದೆ. ಪ್ಲಾಸ್ಟಿಕ್ಕಿನ ಮೈಯ ಎಣ್ಣೆಯಂಶ ಹೋಗಿ, ಅದರ ಮೇಲೆ ತೆಳು ಲೋಳೆ ಕೂರುವವರೆಗೆ ಹೀಗೇ. ಕ್ಲೋರಿನ್ ತೆಗೆಯುವ ದ್ರಾವಣ, ಕಲ್ಲು ಅಂಟಿಸುವ ಎಪಾಕ್ಸಿ, ಕೆಲವು ಔಷಧ ಬಿದ್ದಾಗಲೂ ಉಕ್ಕುತ್ತದೆ. ಸ್ಕಿಮ್ಮರಿನಿಂದ ನೀರು ಹೊರಹೋಗುವ ಬಾಯಿಯ ತಿರುಪನ್ನು ಪೂರ್ತಿ ಸಡಿಲ ಬಿಟ್ಟು ಶುರು ಮಾಡಿ. ನೊರೆ ಕತ್ತಿನ ಬುಡದಲ್ಲಿ ನಿಲ್ಲಲಿ. ಆಮೇಲೆ ದಿನಕ್ಕೊಂದು ಸಲ, ಕಾಲು ತಿರುವಿನಷ್ಟೇ ಬಿಗಿ ಮಾಡಿ. ಒಂದೇ ಸಂಜೆ ಹತ್ತು ಸಲ ತಿರುಗಿಸುವವರು ಯಾವತ್ತೂ ಹದ ಕಾಣುವುದಿಲ್ಲ.

ಕಪ್ಪಿಗೆ ಬಿದ್ದದ್ದರ ಬಣ್ಣ ನೋಡಿ ಹದ ಹೇಳಬಹುದು. ಕಾಫಿ ಫಿಲ್ಟರಿನಿಂದ ಇಳಿದ ಮೊದಲ ಡಿಕಾಕ್ಷನ್‌ನಷ್ಟು ಗಟ್ಟಿಯಾಗಿದ್ದರೆ ಸ್ವಲ್ಪವೇ ತೆಗೆಯುತ್ತಿದೆ. ಹಾಲಿಲ್ಲದ ತೆಳು ಟೀಯಂತಿದ್ದರೆ ಒಳ್ಳೆಯ ನೀರನ್ನೂ ಚೆಲ್ಲುತ್ತಿದೆ. ನಾನು ಎರಡನೇ ಡಿಕಾಕ್ಷನ್ ಬಣ್ಣಕ್ಕೆ ನಿಲ್ಲಿಸುತ್ತೇನೆ. ವಾಸನೆ ಬಗ್ಗೆ ಕೇಳಬೇಡಿ.

9. ಆಮೇಲಿನ ಕೆಲಸ

ನಾಲ್ಕು ದಿನಕ್ಕೊಮ್ಮೆ ಕತ್ತಿನ ಒಳಗೋಡೆ ಒರೆಸಬೇಕು. ಅಲ್ಲಿ ಜಿಡ್ಡು ಕೂತರೆ ಕಪ್ ಅರ್ಧ ಖಾಲಿ ಇದ್ದರೂ ನೊರೆ ಏರುವುದಿಲ್ಲ. ಗಾಳಿ ಎಳೆಯುವ ಸಣ್ಣ ನಳಿಗೆಯ ಬಾಯಲ್ಲಿ ಉಪ್ಪು ಕಟ್ಟುತ್ತದೆ. ತಿಂಗಳಿಗೊಮ್ಮೆ ಅದರ ತುದಿಯನ್ನು ಒಂದು ಲೋಟ ಬೆಚ್ಚನೆಯ ಆರ್‌ಒ ನೀರಿಗೆ ಕ್ಷಣಕಾಲ ಅದ್ದಿದರೆ ಪಂಪೇ ನೀರೆಳೆದುಕೊಂಡು ತೊಳೆದುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಪಂಪ್ ಬಿಚ್ಚಿ ವಿನೆಗರ್ ಬೆರೆಸಿದ ನೀರಿನಲ್ಲಿ ಒಂದೆರಡು ಗಂಟೆ ನೆನೆಸಿ.

ಮರಳಿಗೆ ಇಷ್ಟು ಉಪಚಾರ ಬೇಡ. ನೀರು ಬದಲಿಸುವ ದಿನ ಮೇಲ್ಪದರವನ್ನು ಒಂದು ಸಲಕ್ಕೆ ಕಾಲು ಭಾಗದಂತೆ ಪೈಪಿನಿಂದ ಎಳೆಯಿರಿ. ಒಂದೇ ದಿನ ಇಡೀ ತಳ ಕೆದಕಬೇಡಿ. ನಸ್ಸಾರಿಯಸ್ ಬಸವನಹುಳುಗಳು ನಾಲ್ಕೈದು ಇದ್ದರೆ ಮರಳು ತಿರುವುವ ಕೆಲಸವನ್ನು ಅವೇ ನೋಡಿಕೊಳ್ಳುತ್ತವೆ. ಮರಳು ಸೋಸುವ ನಕ್ಷತ್ರಮೀನನ್ನು ಅಂಗಡಿಯವರು ಹೊಗಳಿ ಕೊಡಲು ಬಂದರೆ ಬೇಡವೆನ್ನಿ. 3 ಅಡಿಯ ತೊಟ್ಟಿಯ ಮರಳಿನಲ್ಲಿ ಅದಕ್ಕೆ ತಿನ್ನಲು ಬೇಕಾದಷ್ಟು ಸಿಗದೆ, ಕೆಲವು ತಿಂಗಳಲ್ಲಿ ಹಸಿವಿನಿಂದ ಸಾಯುತ್ತದೆ.

ಇನ್ನು ಕರೆಂಟ್ ಹೋಗುವುದು. ಪಂಪ್ ನಿಂತಾಗ ಮೇಲಿನ ತೊಟ್ಟಿಯ ಒಂದಿಷ್ಟು ನೀರು ಸಂಪಿಗೆ ಇಳಿಯುತ್ತದೆ. ಕರೆಂಟ್ ಬಂದ ಗಳಿಗೆಯಲ್ಲಿ ಸ್ಕಿಮ್ಮರ್ ಆ ಹೆಚ್ಚಿದ ಮಟ್ಟದಲ್ಲೇ ಚಾಲೂ ಆಗಿ, ಕಪ್ ತುಂಬಿ ಉಕ್ಕಿ, ವಾರದ ಕೊಳೆಯೆಲ್ಲ ಮತ್ತೆ ನೀರಿಗೆ. ಕಪಾಟಿನ ಹಲಗೆಯೂ ನೆನೆಯುತ್ತದೆ. ಕರೆಂಟ್ ಬಂದ ಮೇಲೆ ಐದು ನಿಮಿಷ ತಡೆದು ಹಾಕುವ ಟೈಮರ್ ಸಾಕೆಟ್ ಒಂದನ್ನು ಸ್ಕಿಮ್ಮರಿಗೆ ಮಾತ್ರ ಜೋಡಿಸಿದರೆ ಅಷ್ಟರಲ್ಲಿ ಮಟ್ಟ ಇಳಿದಿರುತ್ತದೆ. ಅದಿಲ್ಲದವರು, ಮನೆಯಲ್ಲಿ ಯಾರೂ ಇರದ ದಿನ, ಹೊರಡುವ ಮುಂಚೆ ಕಪ್ ಖಾಲಿ ಮಾಡಿ, ತಿರುಪನ್ನು ಒಂದು ಸುತ್ತು ಸಡಿಲಿಸಿ ಹೋಗಿ.